ಬಯಲುಸೀಮೆಯ ಮಕ್ಕಳ ಕಣ್ಣು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವಾದರೂ, ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯೇ ಕೇಂದ್ರವಾಗುಳ್ಳ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ, ಇಲ್ಲಿಯ ಶಾಲಾಮಕ್ಕಳ ದೃಷ್ಟಿಯ ಪೂರ್ವೋತ್ತರವನ್ನು ಒಟ್ಟಿಗೆ ವಿಚಾರಿಸುವುದು ಯುಕ್ತವೇ ಆಗಿದೆ.

ಈ ಸೀಮೆಯಲ್ಲಿ ನೇತ್ರಚಿಕಿತ್ಸೆಯ ಚರಿತ್ರೆಯೆಂದರೆ ಬಹುಕಾಲ ವೃದ್ಧರ ಪೊರೆಯ ಚರಿತ್ರೆಯೇ. ಬೆಂಗಳೂರಿನಲ್ಲಿ 1896ರಲ್ಲಿ ಮೊದಲಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಆಸ್ಪತ್ರೆಯಾಗಲಿ, ಊರೂರಿಗೆ ಶಿಬಿರವನ್ನು ಕೊಂಡೊಯ್ದು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ತೆಗೆದ ಬೀಳಗಿಯ ಡಾ. ಎಂ. ಸಿ. ಮೋದಿಯವರಾಗಲಿ, 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವಾಗಲಿ, ಸ್ವಾಮಿ ಜಪಾನಂದರು ಪಾವಗಡದಂತಹ ಬರದ ನಾಡಿನಲ್ಲಿ ಕಟ್ಟಿದ ಶಾರದಾದೇವಿ ಕಣ್ಣಿನ ಆಸ್ಪತ್ರೆಯಾಗಲಿ ಬಡವರ ಪಾಲಿಗೆ ಮಾಡಿದ ಉಪಕಾರ ಅಪಾರವಾದುದು. ಆದರೆ ಕಪ್ಪುಹಲಗೆಯ ಅಕ್ಷರ ಕಾಣದೆ ಕಣ್ಣನ್ನು ಕಿರಿದುಮಾಡಿ, ಕಡೆಗೆ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ ಹುಡುಗನು ಯಾರ ಗಣನೆಗೂ ಬಾರದೆ ದಡ್ಡನೆನಿಸಿಕೊಂಡನು. ಚಾಳೀಸು ಹಿರಿಯರ ಮೂಗಿನ ಮೇಲಿನ ವಸ್ತು. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ನಾಳೆ ಗಂಡು ಸಿಕ್ಕೀತೇ ಎಂಬ ತಾಯಿಯ ಭಯವನ್ನಂತೂ ಕೇಳದವರಿಲ್ಲ.

ಜರ್ಮನಿಯ ಹರ್ಮನ್ ಕೋನ್ ಎಂಬ ವೈದ್ಯನು ಬ್ರೆಸ್ಲಾವಿನ 10,060 ಮಕ್ಕಳನ್ನು ಪರೀಕ್ಷಿಸಿ, ತರಗತಿ ಮೇಲೇರಿದಂತೆ, ಆ ಹುಡುಗನಂತೆ ದೂರದುದು ಕಾಣದಾಗುವ ಸಮೀಪದೃಷ್ಟಿಯೂ ಏರುವುದೆಂದು 1867ರಲ್ಲಿಯೇ ತೋರಿಸಿದ್ದನು. ಕಣ್ಣುಗುಡ್ಡೆಯು ಹಿಂದುಮುಂದಾಗಿ ಉದ್ದವಾದಷ್ಟೂ ದೂರದ ಬಿಂಬವು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡುತ್ತದೆ; ಸಾಮಾನ್ಯ ಕನ್ನಡಕವು ಬಿಂಬವನ್ನು ಸರಿಪಡಿಸೀತೇ ಹೊರತು ಆ ಬೆಳವಣಿಗೆಯನ್ನು ತಡೆಯಲಾರದು. ತಡೆಯುವ ಪ್ರಯತ್ನಗಳು ಬಲಗೊಂಡುದು ಇತ್ತೀಚೆಗೆ. ಸಿಂಗಪುರದಲ್ಲಿ 2006ರಲ್ಲಿ ಪ್ರಕಟವಾದ ಪ್ರಯೋಗವು ಅಟ್ರೋಪಿನ್ ಎಂಬ ಔಷಧದ ಕಣ್ಣಿನ ಹನಿಯು ದೋಷ ಹೆಚ್ಚುವ ವೇಗವನ್ನು ತಗ್ಗಿಸುವುದೆಂದು ತೋರಿಸಿತು. ಪಾಪೆ ಹಿಗ್ಗಿ ಬಿಸಿಲು ಸಹಿಸದಾಗುವ ಬಾಧೆಯಿದ್ದುದರಿಂದ ಪ್ರಮಾಣವನ್ನು ಇಳಿಸುತ್ತ ಬಂದರು. ಹಾಂಗ್‌ಕಾಂಗಿನಲ್ಲಿ 2019ರಲ್ಲಿ ಶೇಕಡ 0.05ರ ಹನಿ ಹೆಚ್ಚು ಫಲ ಕೊಟ್ಟಿತು. ಶೇಕಡ 0.01ರ ಹನಿಗೆ ಭಾರತದ ವೈದ್ಯರು 2021ರಲ್ಲಿ ಅನುಕೂಲವಾದ ಫಲಿತಾಂಶವನ್ನು ಕಂಡರೆ, 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಅದು ನಿಷ್ಫಲವೆನಿಸಿತು. ನಮ್ಮ ತಿಪ್ಪೆಗಳ ಮೇಲೆ ಬೆಳೆಯುವ ಉಮ್ಮತ್ತಿಯಲ್ಲಿಯೂ ಅಟ್ರೋಪಿನ್ ಉಂಟು. ಸಿದ್ಧರಬೆಟ್ಟದ ಗಿಡಮೂಲಿಕೆಗಳಲ್ಲಿ ಶ್ರದ್ಧೆಯುಳ್ಳ ಸೀಮೆಯಾದುದರಿಂದ ಒಂದು ಮಾತನ್ನು ಹೇಳಲೇಬೇಕು: ಉಮ್ಮತ್ತಿಯ ರಸ ವಿಷ, ಕಣ್ಣಿಗೆ ಎಂದಿಗೂ ಹಾಕಬಾರದು.

ಈ ಹನಿಗಳಿಗಿಂತ ನನ್ನ ಮನಸ್ಸನ್ನು ಸೆಳೆದುದು ಚೀನದ ಗ್ವಾಂಗ್‌ಝೌ ನಗರದ ಶಾಲೆಗಳ ವರದಿ. ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಕಳೆದ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಹೊಸದಾಗಿ ದೋಷ ಕಂಡವರು ಶೇಕಡ 30.4; ಉಳಿದವರಲ್ಲಿ ಶೇಕಡ 39.5. ಕುರಿಯ ಹಿಂದೆ, ಕಡಲೆಕಾಯಿ ಹೊಲದಲ್ಲಿ ತಿರುಗಾಡಿ ಬೆಳೆದ ನಮ್ಮ ಹಿಂದಿನ ಮಕ್ಕಳಿಗೆ ಹೊರಗಿನ ಆ ಬೆಳಕು ಬೇಡದೆಯೇ ದೊರೆಯುತ್ತಿದ್ದಿತು. ಇಂದಿನವರಿಗೆ ಬೆಳಗಿನ ವಿಶೇಷ ತರಗತಿ, ಸಂಜೆಯ ಮನೆಪಾಠ, ರಾತ್ರಿಯ ಮೊಬೈಲು.

ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕಾಗಿ ಆಟದ ಪಿರಿಯಡ್ಡನ್ನು ಕಸಿಯಬೇಡಿರಿ, ಬೋರ್ಡು ಕಾಣದೆಂಬ ಮಗುವನ್ನು ಮುಂದಿನ ಸಾಲಿಗೆ ಕೂರಿಸಿ ಸುಮ್ಮನಾಗದೆ, ಅದೇ ವಾರ ಕಣ್ಣಿನ ಪರೀಕ್ಷೆಗೆ ಕಳುಹಿಸಿರಿ.