ಮರುಭೂಮಿಯ ದಾಹ

ಅರೇಬಿಯದ ಮರಳುಗಾಡಿನಲ್ಲಿ ಒಂಟೆ ಮೇಯಿಸಿಕೊಂಡು ಬಾಳುತ್ತಿದ್ದ ಬೆಡೂಯಿನ್ ಜನರನ್ನು ಕುರಿತು ಹೊರಗಿನವರಲ್ಲಿ ಬಹುಕಾಲ ಒಂದು ಮಾತು ರೂಢಿಯಲ್ಲಿತ್ತು: ಅವರ ದೇಹಕ್ಕೆ ನಮ್ಮಷ್ಟು ನೀರು ಬೇಡ, ತಲೆತಲಾಂತರದ ಅಭ್ಯಾಸದಿಂದ ಬಾಯಾರಿಕೆಯೇ ಅವರಿಗೆ ಪಳಗಿಬಿಟ್ಟಿದೆ. ಕೇಳಲು ಸೊಗಸಾದ ಮಾತು. ನಂಬಿದರೆ ಅಪಾಯದ ಮಾತು.

ಎರಡನೆಯ ಮಹಾಯುದ್ಧದಲ್ಲಿ ಸೇನೆಗಳು ಉತ್ತರ ಆಫ್ರಿಕದ ಮರಳಿನಲ್ಲಿ ಕಾದಾಡಬೇಕಾಗಿ ಬಂದಾಗ ಇದು ಪ್ರವಾಸಕಥನದ ವಿಷಯವಾಗಿ ಉಳಿಯಲಿಲ್ಲ. ನೀರಿನ ಪಾಲನ್ನು ದಿನದಿನಕ್ಕೆ ಇಳಿಸುತ್ತ ಬಂದರೆ ಸಿಪಾಯಿಯ ಮೈ ಅದಕ್ಕೆ ಒಗ್ಗೀತೆಂದು ನಂಬಿದ ಅಧಿಕಾರಿಗಳಿದ್ದರು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಇ. ಎಫ್. ಅಡಾಲ್ಫ್ ಮತ್ತು ಅವರ ಸಂಗಡಿಗರು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಸೈನಿಕರನ್ನೇ ನಡೆಸಿ, ತೂಗಿ, ಅಳೆದು ನೋಡಿದರು. 1947ರಲ್ಲಿ ಹೊರಬಂದ ಅವರ ಗ್ರಂಥ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಬಿಸಿಲಿನಲ್ಲಿ ನಡೆಯುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ನೀರು ಕುಡಿಯದಿದ್ದರೆ ಬೆವರೇನೂ ನಿಲ್ಲದು. ರಕ್ತಮಾಂಸಗಳೊಳಗಿನ ನೀರೇ ಹೊರಬೀಳುತ್ತದೆ. ದೇಹದ ತೂಕದ ಹತ್ತರಲ್ಲೊಂದು ಪಾಲು ಹೀಗೆ ಕರಗುವ ಹೊತ್ತಿಗೆ ನಡೆಯುವ ಶಕ್ತಿ ಉಡುಗಿರುತ್ತದೆ. ನೆರಳಿನಲ್ಲಿಯೇ 49 ಡಿಗ್ರಿ ಸೆಂಟಿಗ್ರೇಡ್ ಬಿಸಿಯಿರುವಲ್ಲಿ, ನೀರಿಲ್ಲದವನು ಕದಲದೆ ಕುಳಿತಿದ್ದರೂ ಸುಮಾರು ಎರಡು ದಿನವಷ್ಟೇ ಬದುಕಿಯಾನೆಂದು ಅವರ ಲೆಕ್ಕ. ಇನ್ನೂ ಒಂದು ವಿಚಿತ್ರ ಅವರಿಗೆ ಕಂಡಿತು. ನೀರು ಕೈಗೆಟುಕುವಂತಿದ್ದರೂ ದುಡಿಯುವ ಮನುಷ್ಯ ಬೆವರಿದಷ್ಟನ್ನು ಕುಡಿಯುವುದಿಲ್ಲ. ಕೊರತೆಯನ್ನು ಊಟದ ಹೊತ್ತಿಗೆ ತುಂಬಿಕೊಳ್ಳುತ್ತಾನೆ. ಬಾಯಾರಿಕೆ ನಂಬತಕ್ಕ ಸಾಕ್ಷಿಯೂ ಅಲ್ಲವೆಂದಾಯಿತು.

ಬೆಡೂಯಿನನ ಬೆವರೂ ಬೆವರೇ. ಹಾಗಿದ್ದರೆ ಅವನು ಉಳಿದು ಬಂದದ್ದು ಹೇಗೆ?

ಉತ್ತರ ಅವನ ಮೈಯಲ್ಲಿಲ್ಲ, ಅವನ ಮಂದೆಯಲ್ಲಿದೆ. ಕ್ನೂಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ 1953-54ರಲ್ಲಿ ಅಲ್ಜೀರಿಯದ ಬೆನಿ ಅಬ್ಬೆಸ್ ಎಂಬ ಓಯಸಿಸ್ಸಿನಲ್ಲಿ ನೆಲೆಸಿ ಒಂಟೆಗಳನ್ನು ಪರೀಕ್ಷಿಸಿದರು. ಡುಬ್ಬದಲ್ಲಿ ನೀರಿನ ಚೀಲವಿದೆಯೆಂದು ಶಾಲೆಯಲ್ಲಿ ಕಲಿತವರು ನಮ್ಮಲ್ಲಿಯೂ ಉಂಟು. ಅಲ್ಲಿರುವುದು ಬರಿಯ ಕೊಬ್ಬು. ಒಂಟೆಯ ಚಾತುರ್ಯ ಬೇರೆ. ನೀರು ಸಿಗದಾಗ ಅದು ಹಗಲಿನಲ್ಲಿ ತನ್ನ ಮೈಬಿಸಿಯನ್ನು 40 ಡಿಗ್ರಿ ಮೀರಿ ಏರಗೊಟ್ಟು, ರಾತ್ರಿಯ ತಂಪಿನಲ್ಲಿ 34ರವರೆಗೆ ಇಳಿಸಿಕೊಳ್ಳುತ್ತದೆ; ಅಷ್ಟು ಬೆವರು ಉಳಿಯಿತು. ತೂಕದ ಕಾಲು ಭಾಗ ನೀರಾಗಿ ಹೋದರೂ ತಡೆಯುತ್ತದೆ. ಬಾವಿ ಸಿಕ್ಕಾಗ ಹತ್ತೇ ನಿಮಿಷದಲ್ಲಿ ನೂರು ಲೀಟರು ಹೀರಬಲ್ಲದು. ಮನುಷ್ಯನಿಗೆ ಇವುಗಳಲ್ಲಿ ಒಂದೂ ಸಾಧ್ಯವಿಲ್ಲ. ಆದ್ದರಿಂದಲೇ ಅವನು ಮರುಭೂಮಿಗೂ ತನಗೂ ನಡುವೆ ಒಂಟೆಯನ್ನು ನಿಲ್ಲಿಸಿಕೊಂಡ. ಮಳೆ ಬಿದ್ದ ಚಳಿಗಾಲದಲ್ಲಿ ಹಸಿಮೇವಿನ ರಸವೇ ಒಂಟೆಗೆ ವಾರಗಟ್ಟಲೆ ನೀರಾಗುತ್ತಿತ್ತು. ಅದರ ಹಾಲು ಕಾಯುವವನಿಗೆ ಅನ್ನವೂ ನೀರೂ ಆಗುತ್ತಿತ್ತು. ಯಾಗಿಲ್ ಮತ್ತು ಎಟ್ಜಿಯೋನ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಬೆರಗಿನದು: ನೀರು ಕಡಿಮೆ ಮಾಡಿದ ಒಂಟೆಯ ಹಾಲು ಗಟ್ಟಿಯಾಗುವುದರ ಬದಲು ತೆಳ್ಳಗಾಯಿತು, ಅದರಲ್ಲಿನ ನೀರಿನ ಅಂಶ ನೂರಕ್ಕೆ 86ರಿಂದ 91ಕ್ಕೆ ಏರಿತು. ತಾಯಿ ತಾನು ದಾಹದಲ್ಲಿದ್ದು ಮರಿಗೆ ನೀರು ಕುಡಿಸುತ್ತಿದ್ದಳು. ಆ ಮರಿಯ ಪಾಲಿನಲ್ಲಿ ಮನುಷ್ಯನೂ ಒಂದು ಬಟ್ಟಲು ಕೇಳಿಕೊಂಡಿದ್ದ.

ಅವರ ಕಪ್ಪು ನಿಲುವಂಗಿಯನ್ನು ಕಂಡು ನಕ್ಕವರೂ ಇದ್ದರು. ಅದೇ 1980ರಲ್ಲಿ ನೆಗೆವ್ ಮರುಭೂಮಿಯ ಒಂದು ಪರೀಕ್ಷೆಯಿಂದ, ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಬಿಸಿ ಮೈಗೆ ತಟ್ಟುವುದಿಲ್ಲ, ಸಡಿಲ ಅಂಗಿಯೊಳಗೆ ಆಡುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ ಎಂದು ತಿಳಿದುಬಂತು.

ಇಷ್ಟೆಲ್ಲ ಉಪಾಯವಿದ್ದೂ ದಾಹ ತಪ್ಪುತ್ತಿರಲಿಲ್ಲ. 1946ರ ಕೊನೆಯಲ್ಲಿ ಅರೇಬಿಯದ 'ಬರಿದು ಮೂಲೆ'ಯನ್ನು ದಾಟಿದ ವಿಲ್ಫ್ರೆಡ್ ಥೆಸಿಗರ್ ಅವರ ಸಂಗಡ ಇದ್ದವರು ಹುಟ್ಟು ಬೆಡೂಯಿನರು. ಆರಿಸಿಕೊಂಡ ಕಾಲ ಚಳಿಗಾಲ. ಆದರೂ ಚರ್ಮದ ಚೀಲದ ನೀರನ್ನು ಅಳೆದು ಹಂಚಿಕೊಳ್ಳಬೇಕಾಯಿತು, ಅವನಿಗೆಷ್ಟೋ ಅವರಿಗೂ ಅಷ್ಟೇ. ಬಾವಿ ಸೇರಿದಾಗ ಹಿಂದುಳಿದ ಸಂಗಾತಿಗಳು ಬಂದು ಕೂಡಿಕೊಳ್ಳುವವರೆಗೆ ಮೊದಲು ಬಂದವರು ತುಟಿಗೆ ನೀರು ಸೋಕಿಸದೆ ಕಾಯುವ ಪದ್ಧತಿಯನ್ನು ಆತ ಬರೆದಿದ್ದಾನೆ. ದಾಹವನ್ನೇ ಅರಿಯದ ಜನಕ್ಕೆ ಇಂಥ ನಿಯಮ ಏಕೆ ಬೇಕಿತ್ತು? ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ 'ಶಫಾ' ಎಂದು ಹೆಸರಿರುವ ಒಂದು ಹಕ್ಕಿದೆ. ಬಾಯಾರಿದ ಮನುಷ್ಯನಿಗೂ ಅವನ ಪ್ರಾಣಿಗೂ ಕುಡಿಯುವ ನೀರನ್ನು ತಡೆಯಬಾರದೆಂಬ ಹಕ್ಕು. 'ಷರೀಅತ್' ಎಂಬ ಶಬ್ದಕ್ಕೇ ಮೂಲದಲ್ಲಿ ನೀರಿನ ನೆಲೆಗೆ ಹೋಗುವ ದಾರಿ ಎಂಬ ಅರ್ಥವನ್ನು ಕೋಶಕಾರರು ಹೇಳುತ್ತಾರೆ.

ಆ ದಾರಿ ಕ್ರಮೇಣ ಬದಲಾಯಿತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಲಾರಿಗಳು ಬಂದವು. ಒಂಟೆ ನೀರಿಗೆ ನಡೆದುಹೋಗುವ ಬದಲು ನೀರೇ ಟ್ಯಾಂಕಿಯಲ್ಲಿ ಒಂಟೆಯ ಬಳಿಗೆ ಬರತೊಡಗಿತು. ಕುರಿಗಳೂ ಹಿಂದೆ ಹೋಗಲಾರದ ದೂರಕ್ಕೆ ಹೋದವು. ಬಾವಿ ದೂರವೆಂಬ ಒಂದೇ ಕಾರಣಕ್ಕೆ ಬೇಸಗೆಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಮೇವನ್ನು ಅವು ಎಷ್ಟೋ ಕಡೆ ಬೇರುಮಟ್ಟಕ್ಕೆ ಮೇದು ಮುಗಿಸಿದವು.