ಪಾತ್ರದ ಬಾಯಿಗೆ ಹಾಡು ಕೊಟ್ಟವರು: ಅಣ್ಣಾಸಾಹೇಬ ಕಿರ್ಲೋಸ್ಕರ (1843–1885)

ಮರಾಠಿ ಸಂಗೀತ ನಾಟಕದ ಮೂಲಪುರುಷರೆಂದು ಹೆಸರಾದ ಬಳವಂತ ಪಾಂಡುರಂಗ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹಾಗೆಂದು ರಂಗಕ್ಕೆ ಹಾಡು ತಂದವರಲ್ಲಿ ಅವರೇ ಮೊದಲಿಗರಲ್ಲ. ಅವರು ಹುಟ್ಟಿದ ವರ್ಷವೇ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ದಲ್ಲೂ ಹಾಡಿತ್ತು, ಅದಕ್ಕೆ ಪ್ರೇರಣೆ ಕನ್ನಡ ನಾಡಿನ ಭಾಗವತರ ಆಟ. ಆದರೆ ಅಲ್ಲಿ ಹಾಡು ಸೂತ್ರಧಾರನ ಸೊತ್ತು, ಪಾತ್ರಗಳ ಪಾಲಿಗೆ ಅಭಿನಯ ಮತ್ತು ಮಾತು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು ರಂಗವೇರಿದಾಗ ದುಷ್ಯಂತನ ಪದವನ್ನು ದುಷ್ಯಂತನೇ ಹಾಡಿದ, ಶಕುಂತಲೆಯದನ್ನು ಶಕುಂತಲೆಯೇ. ಹೊಸತನವಿರುವುದು ಇಲ್ಲಿ.

ಕಥೆ ಕಾಳಿದಾಸನದು, ಮಟ್ಟುಗಳಲ್ಲಿ ಬಹುಪಾಲು ಕೀರ್ತನೆ, ಲಾವಣಿ, ಕನ್ನಡ ಪದಗಳಿಂದ ಎತ್ತಿಕೊಂಡವು. ಹಾಗಿದ್ದ ಮೇಲೆ ಅವರು ಸಂಗೀತ ಸಂಯೋಜಕರು ಹೇಗಾದರು ಎಂದು ಕೇಳುವವರಿದ್ದಾರೆ. ಮಟ್ಟು ಎರವಲು, ನಿಜ. ಆದರೆ ಯಾವ ಮಟ್ಟು ಯಾರ ಬಾಯಿಗೆ ಒಪ್ಪುತ್ತದೆ, ಮಾತು ಎಲ್ಲಿ ನಿಂತು ಹಾಡು ಶುರುವಾಗಬೇಕು ಎಂಬ ಲೆಕ್ಕ ಎರವಲು ಸಿಗುವಂಥದ್ದಲ್ಲ. 1882ರ ‘ಸೌಭದ್ರ’ವನ್ನೇ ನೋಡಿ: ಅಣ್ಣ ಬಲರಾಮನ ಕಣ್ಣು ತಪ್ಪಿಸಿ ತಂಗಿಯ ಮದುವೆಗೆ ಕೃಷ್ಣ ಹೂಡುವ ಹೂಟ, ಸನ್ಯಾಸಿ ವೇಷದ ಅರ್ಜುನ. ಪುರಾಣದ ಮಂದಿ ನೆರೆಮನೆಯವರಷ್ಟು ಹತ್ತಿರವಾಗುವುದು ಮುಖ್ಯವಾಗಿ ಪದಗಳ ಸರಳತೆಯಿಂದ. ಪದಗಳು ಅತಿಯಾದವೆಂಬ ದೂರು ಮಾತ್ರ ಒಪ್ಪತಕ್ಕದ್ದೇ. ‘ಶಾಕುಂತಲ’ದಲ್ಲಿ ಅವು ನೂರನ್ನೂ ಮೀರುತ್ತವೆ. ಮೂರನೆಯ ಸಂಗೀತ ನಾಟಕ ‘ರಾಮರಾಜ್ಯವಿಯೋಗ’ ಪೂರ್ಣವಾಗುವ ಮೊದಲೇ, 1885ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.