ಹೊಗೆ ಮೂಸುವ ಪಿಂಗಾಣಿ

ಕಳೆದ ಸಂಚಿಕೆ ಆದ್ಮೇಲೆ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಬೈಕಿಗೆ ಹೊಸ ಎಕ್ಸಾಸ್ಟ್ ಹಾಕಿಸ್ತಿದ್ದಾರೆ. ಹಳೇ ಪೈಪು ಬಿಚ್ಚಿದಾಗ ಮೆಕ್ಯಾನಿಕ್ಕು, "ಆಕ್ಸಿಜನ್ ಸೆನ್ಸರ್ರೂ ಹೋಗಿದೆ ಸಾರ್, ಹೊಸದು ಹಾಕ್ಬೇಕು. ಬೇಡ ಅಂದ್ರೆ ಬೈಪಾಸ್ ಮಾಡ್ಬಿಡೋಣ, ದುಡ್ಡು ಉಳಿಯುತ್ತೆ" ಅಂದನಂತೆ. ಅವರ ಪ್ರಶ್ನೆ ಇಷ್ಟೇ: "ನಮ್ಮಪ್ಪನ ಬೈಕು ಈ ಬೆರಳುದ್ದದ ವಸ್ತು ಇಲ್ದೇನೇ ವರ್ಷಗಟ್ಟಲೆ ಓಡ್ತು. ನನಗ್ಯಾಕೆ ಇದು?"

ನಾನು ಓದಿದ್ದು ಬಿ.ಕಾಂ. ಸ್ಪ್ಯಾನರ್ ಹಿಡಿಯೋ ಕೈ ನನ್ನದಲ್ಲ. ಆದ್ರೆ ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು 1943ರ ಲಾಸ್ ಏಂಜಲೀಸ್.

ಆ ವರ್ಷ ಜುಲೈ ತಿಂಗಳ ಕೊನೆಯಲ್ಲಿ ಒಂದು ದಿನ ಆ ಊರನ್ನ ದಟ್ಟ ಹೊಗೆಮಂಜು ಮುಚ್ಚಿಬಿಡ್ತು. ಕಣ್ಣುರಿ, ಗಂಟಲು ಕೆರೆತ, ಎದುರಿನ ಬೀದಿ ಕಾಣದ ಸ್ಥಿತಿ. ಎರಡನೇ ಮಹಾಯುದ್ಧದ ಕಾಲ. ಜಪಾನೀಯರು ವಿಷಾನಿಲ ಬಿಟ್ಟಿದ್ದಾರೆ ಅಂತಲೇ ಕೆಲವರು ಹೆದರಿದ್ರು. ಆಮೇಲೆ ಅನುಮಾನ ರಬ್ಬರ್ ಕಾರ್ಖಾನೆ ಮೇಲೆ ಹೋಯ್ತು, ತೈಲ ಶುದ್ಧೀಕರಣ ಘಟಕಗಳ ಮೇಲೆ ಹೋಯ್ತು. ಮನೆ ಮುಂದೆ ನಿಂತಿದ್ದ ಕಾರನ್ನ ಮಾತ್ರ ಯಾರೂ ಅನುಮಾನಿಸಲಿಲ್ಲ.

ಕಾರನ್ನ ಹಿಡಿದುಕೊಟ್ಟವನು ಡಚ್ ಮೂಲದ ರಸಾಯನ ವಿಜ್ಞಾನಿ ಆರೀ ಹಾಗನ್-ಸ್ಮಿಟ್. ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಆತ ಮಾಡ್ತಿದ್ದದ್ದು ಅನಾನಸ್ ಹಣ್ಣಿನ ಪರಿಮಳದ ಮೇಲಿನ ಸಂಶೋಧನೆ! ಹಣ್ಣಿನ ವಾಸನೆ ಹಿಡಿಯೋಕೆ ಬಳಸ್ತಿದ್ದ ಅದೇ ಉಪಕರಣಕ್ಕೆ ಊರಿನ ಗಾಳಿಯನ್ನೂ ತುಂಬಿಸಿ ನೋಡಿದ. 1950ರ ದಶಕದ ಶುರುವಿನಲ್ಲಿ ಆತ ತೋರಿಸಿದ್ದು ಇದು: ಪೂರ್ತಿ ಉರಿಯದ ಪೆಟ್ರೋಲಿನ ಹೈಡ್ರೋಕಾರ್ಬನ್ನು, ನೈಟ್ರೋಜನ್ ಆಕ್ಸೈಡು, ಇವೆರಡರ ಮೇಲೆ ಬಿಸಿಲು ಬಿದ್ರೆ ಓಝೋನ್ ಹುಟ್ಟುತ್ತೆ. ಕಣ್ಣು ಉರಿಸ್ತಿದ್ದ ಆ ಮಬ್ಬು ಹುಟ್ಟಿದ್ದೂ ಇದೇ ಬಿಸಿಲಿನ ಅಡುಗೆಯಲ್ಲಿ. ತೈಲ ಉದ್ಯಮದ ಹಣದಲ್ಲಿ ಸಂಶೋಧನೆ ನಡೆಸ್ತಿದ್ದವರು ಆತನ ಮಾತು ತಪ್ಪು ಅಂದ್ರು. ಆತ ಅನಾನಸ್ ಬಿಟ್ಟು ಪೂರ್ತಿ ಹೊಗೆಗೇ ಇಳಿದ. ಹಟ ಅಂದ್ರೆ ಹಂಗಿರಬೇಕು.

ಕಾರಣ ಗೊತ್ತಾದ ಮೇಲೂ ಕಾನೂನು ಬರೋಕೆ ಸುಮಾರು ಎರಡು ದಶಕ ಬೇಕಾಯ್ತು. 1970ರ ಕ್ಲೀನ್ ಏರ್ ಆ್ಯಕ್ಟ್ ಅಮೆರಿಕದ ಕಾರು ಕಂಪನಿಗಳಿಗೆ ಹೇಳಿದ್ದು, ಕಾರುಗಳು ಉಗುಳೋ ವಿಷವನ್ನ ಐದಾರು ವರ್ಷದಲ್ಲಿ ಶೇ 90ರಷ್ಟು ಇಳಿಸಿ ಅಂತ. ಡೆಟ್ರಾಯಿಟ್ ಕೊಟ್ಟ ಉತ್ತರ ನಿಮಗೂ ಪರಿಚಿತ: ಆಗಲ್ಲ, ತಂತ್ರಜ್ಞಾನವಿಲ್ಲ, ಕಾರಿನ ಬೆಲೆ ಏರುತ್ತೆ, ಕೆಲಸ ಹೋಗುತ್ತೆ. ಗಡುವು ಮತ್ತೆ ಮತ್ತೆ ಮುಂದೆ ಹೋಯ್ತು.

ಇಲ್ಲಿ ಒಂದು ವಿಷಯ ನ್ಯಾಯವಾಗಿ ಹೇಳಬೇಕು. ಕಂಪನಿಗಳು ಹೇಳಿದ್ದೆಲ್ಲ ನೆಪವೇ ಆಗಿರಲಿಲ್ಲ, ಕಷ್ಟ ನಿಜವಾಗ್ಲೂ ಇತ್ತು. ಹೊಗೆಯಲ್ಲಿ ಮೂರು ಮುಖ್ಯ ವಿಷಗಳು. ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ತೆಗೀಬೇಕಂದ್ರೆ ಅವಕ್ಕೆ ಆಕ್ಸಿಜನ್ ಕೊಡಬೇಕು. ನೈಟ್ರೋಜನ್ ಆಕ್ಸೈಡ್ ತೆಗೀಬೇಕಂದ್ರೆ ಅದರಿಂದ ಆಕ್ಸಿಜನ್ ಕಿತ್ಕೋಬೇಕು. ಒಂದಕ್ಕೆ ಕೊಡೋದು, ಇನ್ನೊಂದರಿಂದ ವಸೂಲಿ. 1975ರ ಮಾಡೆಲ್ ಕಾರುಗಳಿಗೆ ಬಂದ ಮೊದಲ ಕೆಟಲಿಟಿಕ್ ಕನ್ವರ್ಟರ್‌ಗಳು ಕೊಡೋ ಕೆಲಸ ಮಾತ್ರ ಮಾಡ್ತಿದ್ವು. ಎರಡೂ ಕೆಲಸ ಮಾಡೋ ಕೆಟಲಿಸ್ಟನ್ನ ಎಂಗಲ್‌ಹಾರ್ಡ್ ಕಂಪನಿಯ ಜಾನ್ ಮೂನಿ, ಕಾರ್ಲ್ ಕೀತ್ ತಂಡ 1973ರ ಹೊತ್ತಿಗೆ ಮಾಡಿತ್ತು. ಆದ್ರೆ ಅದಕ್ಕೊಂದು ಷರತ್ತು: ಪ್ರತಿ 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಇರಬೇಕು. ಗಾಳಿ ಚೂರು ಹೆಚ್ಚಾದ್ರೆ ನೈಟ್ರೋಜನ್ ಆಕ್ಸೈಡ್ ಹಂಗೇ ಆಚೆ ಹೋಗುತ್ತೆ. ಕಡಿಮೆಯಾದ್ರೆ ಮಿಕ್ಕೆರಡು ಹೋಗ್ತವೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಟ್ರಯಲ್ ಬ್ಯಾಲೆನ್ಸ್ ಪೈಸೆ ಪೈಸೆಗೂ ಟ್ಯಾಲಿ ಆಗಬೇಕು, ಅದೂ ಇಂಜಿನ್ ಓಡ್ತಿರುವ ಪ್ರತಿ ಕ್ಷಣ. ಅಂದಿನ ಸಾದಾ ಕಾರ್ಬುರೇಟರ್ ಇಂಥ ಲೆಕ್ಕ ಇಡೋ ಗುಮಾಸ್ತನಲ್ಲ. ಅದಕ್ಕೆ ಹೊಗೆ ಹೇಗಿದೆ ಅಂತ ವಾಪಸ್ ಬಂದು ಹೇಳೋರು ಯಾರೂ ಇರಲಿಲ್ಲ.

ಹೇಳೋ ವಸ್ತು ಜರ್ಮನಿಯಲ್ಲಿ ಬೇರೆ ಹೆಸರಲ್ಲಿ ಆಗಲೇ ಹುಟ್ಟಿತ್ತು. 1890ರ ದಶಕದ ಕೊನೆಯಲ್ಲಿ ವಾಲ್ಟರ್ ನೆರ್ನ್‌ಸ್ಟ್ ಅನ್ನೋ ವಿಜ್ಞಾನಿ ವಿದ್ಯುತ್ ದೀಪಕ್ಕೆ ಒಳ್ಳೇ ತಂತು ಹುಡುಕ್ತಿದ್ದ. ಜಿರ್ಕೋನಿಯಾ ಅನ್ನೋ ಪಿಂಗಾಣಿಯಂಥ ವಸ್ತುವಿಗೆ ಇಟ್ರಿಯಾ ಬೆರೆಸಿ ಕಾಯಿಸಿದ್ರೆ ಅದು ವಿದ್ಯುತ್ತನ್ನ ಹರಿಸುತ್ತೆ, ಬೆಳಗುತ್ತೆ ಅಂತ ಕಂಡ್ಕೊಂಡ. ಆ ದೀಪದ ಹಕ್ಕನ್ನ ಎಇಜಿ ಕಂಪನಿಗೆ ಭಾರೀ ಮೊತ್ತಕ್ಕೆ ಮಾರಿದ. ಟಂಗ್‌ಸ್ಟನ್ ಬಲ್ಬ್ ಬಂದ ಮೇಲೆ ದೀಪ ಮೂಲೆ ಸೇರ್ತು. ನೆರ್ನ್‌ಸ್ಟ್‌ಗೆ ಕಾರಿನ ಹುಚ್ಚು ಬೇರೆ ಇತ್ತು. ತನ್ನ ದೀಪದ ಪಿಂಗಾಣಿ ಒಂದು ದಿನ ಕಾರಿನ ಹೊಗೆ ಕೊಳವೆ ಸೇರುತ್ತೆ ಅನ್ನೋದು ಆತನ ಕನಸಲ್ಲೂ ಇದ್ದಿರಲಾರದು.

ಆ ಪಿಂಗಾಣಿಯೊಳಗೆ ಹರಿಯೋದು ಎಲೆಕ್ಟ್ರಾನ್ ಅಲ್ಲ, ಆಕ್ಸಿಜನ್ ಅಯಾನು ಅಂತ ಕಾರ್ಲ್ ವಾಗ್ನರ್ 1943ರಲ್ಲಿ ವಿವರಿಸಿದ. ಹೌದು, ಅದೇ 1943. ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಹೊಗೆ, ನಡುವೆ ಈ ಪಿಂಗಾಣಿಯ ಗೋಡೆ. ಎರಡೂ ಕಡೆಯ ಆಕ್ಸಿಜನ್ ವ್ಯತ್ಯಾಸ ಇದ್ದಷ್ಟೂ ವೋಲ್ಟೇಜ್ ಹುಟ್ಟುತ್ತೆ. ಹೊಗೆಯಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಆಕ್ಸಿಜನ್ ಇಲ್ದಿದ್ರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿ ಆದ್ರೆ 0.1ರ ಹತ್ತಿರ. ಸರಿಯಾಗಿ 14.7ರ ಬಳಿ ಈ ಅಂಕಿ ಧಡಕ್ಕಂತ ಜಿಗಿಯುತ್ತೆ. ಕಂಪ್ಯೂಟರ್ ಆ ಜಿಗಿತ ನೋಡ್ಕೊಂಡು ಪೆಟ್ರೋಲನ್ನ ಚೂರು ಹೆಚ್ಚು, ಚೂರು ಕಮ್ಮಿ ಮಾಡ್ತಾ ಇರುತ್ತೆ. ಕಿರಾಣಿ ಅಂಗಡಿಯವರು ತಕ್ಕಡಿಗೆ ಬೆಲ್ಲದ ಚೂರು ಹಾಕಿ, ಮತ್ತೆ ಚೂರು ತೆಗೀತಾರಲ್ಲ, ಹಾಗೆ.

ಇದನ್ನ ರಸ್ತೆಗೆ ತಂದಿದ್ದು ಬಾಷ್. ಸ್ಪಾರ್ಕ್ ಪ್ಲಗ್ ಮಾಡಿ ಮಾಡಿ ಪಿಂಗಾಣಿಯನ್ನ ಲೋಹದೊಳಗೆ ಭದ್ರವಾಗಿ ಕೂರಿಸೋ ವಿದ್ಯೆ ಅವರಿಗೆ ಕರಗತವಾಗಿತ್ತು. ಅದಕ್ಕೇ ನೋಡಿ, ಇವತ್ತಿಗೂ ಆಕ್ಸಿಜನ್ ಸೆನ್ಸರ್ ನೋಡೋಕೆ ಸ್ಪಾರ್ಕ್ ಪ್ಲಗ್‌ನ ತಮ್ಮನ ಥರ ಇರುತ್ತೆ. (ಬೆಂಗಳೂರಿನವರಿಗೆ ಈ ಕಂಪನಿ ದೂರದ್ದಲ್ಲ. 1951ರಲ್ಲಿ ಇಲ್ಲಿ ಮೈಕೋ ಅಂತ ಶುರುವಾಗಿದ್ದು, 2008ರಲ್ಲಿ ಹೆಸರು ಬದಲಾಗಿ ಬಾಷ್ ಲಿಮಿಟೆಡ್ ಆಯ್ತು. ಮೈಕೋ ಲೇಔಟ್ ಹೆಸರು ಮಾತ್ರ ಹಾಗೇ ಉಳಿದಿದೆ.)

1976ರಲ್ಲಿ ಸ್ವೀಡನ್‌ನ ವೋಲ್ವೊ ಈ ಸೆನ್ಸರನ್ನ 240 ಸರಣಿಯ ಕಾರಿಗೆ ಹಾಕಿ, ಜೊತೆಗೆ ಮೂರೂ ವಿಷ ತೆಗೆಯೋ ಕೆಟಲಿಸ್ಟ್ ಕೂರಿಸಿ, 1977ರ ಮಾಡೆಲ್ ಅಂತ ಕ್ಯಾಲಿಫೋರ್ನಿಯಾಕ್ಕೆ ಕಳಿಸ್ತು. ಕಾರಿನ ಮುಂದಿನ ಗ್ರಿಲ್ ಮೇಲೆ 'ಲ್ಯಾಂಬ್ಡಾ ಸೋಂಡ್' ಅನ್ನೋ ಬಿಲ್ಲೆ. ಹೊಗೆ ನಳಿಕೆಯೊಳಗಿನ ಒಂದು ಬಿಡಿಭಾಗದ ಹೆಸರನ್ನ ಕಾರಿನ ಹಣೆ ಮೇಲೆ ಅಂಟಿಸೋದು ಅಂದ್ರೆ ಎಷ್ಟು ಹೆಮ್ಮೆ ಇರಬೇಕು! ಪರೀಕ್ಷೆಯಲ್ಲಿ ಆ ಕಾರಿನ ಅಂಕಿಗಳು ಕ್ಯಾಲಿಫೋರ್ನಿಯಾದ ಮಿತಿಗಿಂತ ಎಷ್ಟೋ ಕೆಳಗೆ ಬಂದ್ವು. ಆ ಮಿತಿಯೋ, ಅಮೆರಿಕದಲ್ಲೇ ಅತ್ಯಂತ ಬಿಗಿಯಾಗಿದ್ದದ್ದು. ಆಗಲ್ಲ ಅಂದಿದ್ದವರ ಮುಂದೆ, ಅವರಿಗಿಂತ ಎಷ್ಟೋ ಚಿಕ್ಕ ಕಂಪನಿ ಮಾಡಿ ತೋರಿಸಿಬಿಟ್ಟಿತ್ತು. 1981ರ ಮಾಡೆಲ್‌ಗಳ ಹೊತ್ತಿಗೆ ಡೆಟ್ರಾಯಿಟ್ ಕಾರುಗಳಲ್ಲೂ ಸೆನ್ಸರ್ ಸಾಮಾನ್ಯವಾಯ್ತು.

ಭಾರತಕ್ಕೆ ಬರೋಣ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯ್ತು. ಬೆಂಗಳೂರು ಆ ಪಟ್ಟಿಯಲ್ಲಿ ಇರಲಿಲ್ಲ. ಸೀಸ ಬೆರೆತ ಪೆಟ್ರೋಲ್ ಇದ್ದಷ್ಟು ದಿನ ಇವೆಲ್ಲ ದಂಡ, ಯಾಕಂದ್ರೆ ಸೀಸ ಕೆಟಲಿಸ್ಟನ್ನೂ ಸೆನ್ಸರನ್ನೂ ಎರಡನ್ನೂ ಕೊಲ್ಲುತ್ತೆ. ಆ ಪೆಟ್ರೋಲ್ ದೇಶದಾದ್ಯಂತ ನಿಂತಿದ್ದು 2000ದ ಫೆಬ್ರವರಿಯಲ್ಲಿ. ಬೈಕುಗಳು ಮಾತ್ರ ಇನ್ನೂ ಎರಡು ದಶಕ ಬಹುಪಾಲು ಕಾರ್ಬುರೇಟರ್ ಮೇಲೇ ಓಡಿದ್ವು. ನಾವು ಬಿಎಸ್ 4ರಿಂದ 5ನ್ನ ಹಾರಿ, 2020ರ ಏಪ್ರಿಲ್ 1ಕ್ಕೆ ನೇರ ಬಿಎಸ್ 6ಕ್ಕೆ ಹೋದ್ವಿ. ಆಗ ಫ್ಯೂಯಲ್ ಇಂಜೆಕ್ಷನ್ನೂ, ಜೊತೆಗೆ ಈ ಸೆನ್ಸರ್ರೂ ಹಾಲು ಹಾಕೋರ ಬೈಕಿಗೂ ಬಂತು.

ಈಗ ನಮ್ಮ ಕೇಳುಗರ ಅಪ್ಪನ ಬೈಕು. ಓಡ್ತು, ನಿಜ. ಅದು ಆಚೆ ಬಿಟ್ಟಿದ್ದನ್ನ ಮಾತ್ರ ಯಾರೂ ಲೆಕ್ಕ ಬರೀಲಿಲ್ಲ. ಹಿಂದೆ ಬರ್ತಿದ್ದ ಸೈಕಲ್ ಸವಾರ, ಸಿಗ್ನಲ್‌ನಲ್ಲಿ ಹೂ ಮಾರೋ ಹೆಂಗಸು, ಅವರ ಖಾತೆಗೆ ಹೋಯ್ತು ಆ ಸಾಲ. ಸೆನ್ಸರ್ ಬೈಪಾಸ್ ಮಾಡಿದ್ರೂ ಹಾಗೇನೇ. ಇಂಜಿನ್ ಕಂಪ್ಯೂಟರ್ ಕುರುಡಾಗಿ, ಮೊದಲೇ ಬರೆದಿಟ್ಟ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತೆ, ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚಿಗೆ. ಮೈಲೇಜ್ ಇಳಿಯುತ್ತೆ. ಉರಿಯದ ಪೆಟ್ರೋಲ್ ಕೆಟಲಿಸ್ಟ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಡುತ್ತೆ. ಉಳಿಸಿದ ದುಡ್ಡು ಬಂಕ್‌ನಲ್ಲಿ ಹೋಯ್ತಲ್ಲ! ಇನ್ನೊಂದು ವಿಷಯ ನನಗೆ ತುಂಬಾ ಕಾಡಿದ್ದು: ನಮ್ಮ ಪಿಯುಸಿ ತಪಾಸಣೆ ಪೆಟ್ರೋಲ್ ಗಾಡಿಯ ನೈಟ್ರೋಜನ್ ಆಕ್ಸೈಡನ್ನ ಅಳೆಯೋದೇ ಇಲ್ಲ. ಹಾಗನ್-ಸ್ಮಿಟ್ ಹಿಡಿದ ಇಬ್ಬರು ಕಳ್ಳರಲ್ಲಿ ಒಬ್ಬನ ಹಾಜರಿಯನ್ನೇ ಯಾರೂ ತಗೊಳ್ಳಲ್ಲ. ರಸ್ತೆಯಲ್ಲಿ ಆ ಕಾವಲು ಕಾಯ್ತಿರೋದು ನಿಮ್ಮ ಪೈಪಿನಲ್ಲಿರೋ ಈ ಸೆನ್ಸರ್, ಅದರ ಹಿಂದಿನ ಕೆಟಲಿಸ್ಟ್, ಇಷ್ಟೇ.

ಎಕ್ಸಾಸ್ಟ್ ಬದಲಾಯಿಸೋದರ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಕೆಟಲಿಸ್ಟ್ ಕಿತ್ತುಹಾಕೋ ಪೈಪ್ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಪೊಲೀಸರು ರೋಡ್ ರೋಲರ್ ಹತ್ತಿಸಿ ಸೈಲೆನ್ಸರ್ ಪುಡಿ ಮಾಡಿದ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ಕೆಟಲಿಸ್ಟ್ ಉಳಿಸಿಕೊಂಡು, ನಿಯಮಕ್ಕೆ ಒಪ್ಪೋ ಪೈಪ್ ಹಾಕಿಸ್ತೀರಾದ್ರೆ ಸೆನ್ಸರ್ ಹೊಸದೇ ಹಾಕ್ಸಿ. ಮೆಕ್ಯಾನಿಕ್ಕಿಗೆ ಮೂರು ಮಾತು ಹೇಳಿ. ಮರೆಗೆ ಹಚ್ಚೋ ಆ್ಯಂಟಿ-ಸೀಜ್ ಪೇಸ್ಟ್ ಸೆನ್ಸರಿನ ತುದಿಗೆ ತಾಗಬಾರದು, ಸಿಲಿಕೋನ್ ಅಂಟಂತೂ ಹತ್ತಿರಕ್ಕೂ ಬರಬಾರದು. ಸೆನ್ಸರಿಗಿಂತ ಮೊದಲು ಪೈಪಿನ ಕೂಡಿಕೆಯಲ್ಲಿ ಸಣ್ಣ ಸೋರಿಕೆ ಇದ್ರೂ ಹೊರಗಿನ ಗಾಳಿ ಒಳಗೆ ನುಗ್ಗಿ, ಸೆನ್ಸರ್ ಗಾಳಿ ಜಾಸ್ತಿ ಇದೆ ಅಂತ ಸುಳ್ಳು ವರದಿ ಕೊಡುತ್ತೆ, ಇಂಜಿನ್ ಅದನ್ನ ನಂಬಿ ಪೆಟ್ರೋಲ್ ಹೆಚ್ಚಿಸುತ್ತೆ. ಕೊನೇದಾಗಿ, ವೈರು ಗಿಡ್ಡ ಆಯ್ತು ಅಂತ ಕತ್ತರಿಸಿ ಬೆಸುಗೆ ಹಾಕೋದು ಬೇಡ. ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನ ಎಳ್ಕೊಳ್ಳೋದು ಆ ವೈರಿನ ಎಳೆಗಳ ಸಂದಿಯಿಂದಲೇ. ಬೆಸುಗೆ ಹಾಕಿದ್ರೆ ಉಸಿರು ಕಟ್ಟಿದ ಹಾಗೆ.

ಸೀಸದ ಪೆಟ್ರೋಲಿನ ಕಥೆ ಇವತ್ತು ಒಂದೇ ಸಾಲಲ್ಲಿ ದಾಟಿಬಿಟ್ಟೆ. ಅದು ಒಂದು ಸಾಲಿಗೆ ಮುಗಿಯೋದಲ್ಲ, ಮುಂದಿನ ಸಂಚಿಕೆ ಪೂರ್ತಿ ಅದಕ್ಕೇ.